ಇಟ್ಟಿಗೆಯಾದ ರೂಟರ್‌ಗೆ ಮರುಜೀವ

ಮಕ್ಕಳೇ, ಅಂತರ್ಜಾಲ ಸಂಪರ್ಕವಿರುವ ಕಚೇರಿಯಲ್ಲೋ ಮನೆಯಲ್ಲೋ ಕೊಂಬುಗಳಂತಹ ಆಂಟೆನಾ ಇರುವ, ಪುಟ್ಟ ದೀಪಗಳು ಮಿನುಗುವ ಪೆಟ್ಟಿಗೆಯೊಂದನ್ನು ನೀವು ನೋಡಿರಬಹುದು. ಅದರ ಹೆಸರು ರೂಟರ್. ಅಂಚೆ ಕಚೇರಿಯಲ್ಲಿ ವಿಳಾಸ ನೋಡಿ ಕಾಗದಗಳನ್ನು ವಿಂಗಡಿಸುವಂತೆ, ರೂಟರ್ ತನ್ನ ಬಳಿಗೆ ಬರುವ ಮಾಹಿತಿಯ ತುಣುಕುಗಳ ವಿಳಾಸ ನೋಡಿ ಸರಿಯಾದ ಗಣಕಯಂತ್ರಕ್ಕೆ ಕಳುಹಿಸುತ್ತದೆ.

ಈ ಕೆಲಸ ಮಾಡಲು ಪೆಟ್ಟಿಗೆಯೊಳಗೆ ಸೂಚನೆಗಳಿರಬೇಕಲ್ಲವೇ? ಹೀಗೆ ಉಪಕರಣದ ಒಳಗೇ ಬರೆದಿಟ್ಟ ತಂತ್ರಾಂಶವನ್ನು ಫರ್ಮ್‌ವೇರ್ ಎನ್ನುತ್ತಾರೆ. ಅದನ್ನು ಬದಲಿಸುವಾಗ ವಿದ್ಯುತ್ ಹೋದರೆ ಅಥವಾ ತಪ್ಪು ಕಡತ ಬರೆದರೆ ಪೆಟ್ಟಿಗೆ ಏನೂ ಕೆಲಸ ಮಾಡದೆ ಕುಳಿತುಬಿಡಬಹುದು. ಆಗ ತಂತ್ರಜ್ಞರು 'ಇದು ಇಟ್ಟಿಗೆಯಾಯಿತು' ಎನ್ನುತ್ತಾರೆ. ಇಂತಹ ಇಟ್ಟಿಗೆಗೆ ಮತ್ತೆ ಜೀವ ಬರಿಸಬಹುದೇ? ನೋಡೋಣ.

ಓಪನ್‌ವರ್ಟ್ ಹುಟ್ಟಿದ ಕಥೆ

ಲಿಂಕ್‌ಸಿಸ್ ಎಂಬ ಅಮೆರಿಕದ ಕಂಪನಿ 2002ರ ಕೊನೆಯಲ್ಲಿ ಡಬ್ಲ್ಯುಆರ್‌ಟಿ54ಜಿ ಎಂಬ ರೂಟರನ್ನು ಮಾರುಕಟ್ಟೆಗೆ ತಂದಿತು. ಅದರೊಳಗೆ ಇರುವುದು ಲಿನಕ್ಸ್ ಎಂದು 2003ರಲ್ಲಿ ಕೆಲವರು ಪತ್ತೆ ಹಚ್ಚಿದರು. ಲಿನಕ್ಸ್ ಮುಕ್ತ ತಂತ್ರಾಂಶ. ಅದನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಆದರೆ ತಿದ್ದಿ ಇತರರಿಗೆ ಹಂಚಿದರೆ, ತಿದ್ದಿದ ಮೂಲ ಬರಹವನ್ನೂ ಕೊಡಬೇಕೆಂಬುದು ಅದರ ಪರವಾನಗಿಯ ನಿಯಮ. ಹಾಗಾಗಿ ಕಂಪನಿ ಅದೇ ವರ್ಷ ಮೂಲ ಬರಹವನ್ನು ಪ್ರಕಟಿಸಿತು. ಅದನ್ನು ಆಧಾರವಾಗಿಟ್ಟುಕೊಂಡು 2004ರಲ್ಲಿ ಓಪನ್‌ವರ್ಟ್ ಯೋಜನೆ ಆರಂಭವಾಯಿತು. ಆ ರೂಟರಿನ ಹೆಸರೇ ಇದರ ಹೆಸರಿನಲ್ಲಿ ಉಳಿದಿದೆ. ಇಂದು ಇದು ನೂರಾರು ಮಾದರಿಯ ರೂಟರ್‌ಗಳ ಮೇಲೆ ಕೆಲಸ ಮಾಡುತ್ತದೆ.

ಅಂಗೈಯಗಲದ ಗಣಕಯಂತ್ರ

ಓಪನ್‌ವರ್ಟನ್ನು ಕಲಿಯಲು ಸಾಮಾನ್ಯ ರೂಟರಿಗಿಂತ ರಾಸ್ಪ್‌ಬೆರಿ ಪೈ ಎಂಬ ಒಂಟಿ ಫಲಕದ ಗಣಕಯಂತ್ರ ಹೆಚ್ಚು ಅನುಕೂಲ. ಮಕ್ಕಳು ಗಣಕಯಂತ್ರದ ಪಾಠ ಕಲಿಯಲೆಂದು ಇದನ್ನು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ರೂಪಿಸಿ 2012ರಲ್ಲಿ ಬಿಡುಗಡೆ ಮಾಡಿದರು. ಇದರ ಉದ್ದ 85 ಮಿಲಿಮೀಟರ್, ಅಗಲ 56 ಮಿಲಿಮೀಟರ್ ಮಾತ್ರ.

ಸಾಮಾನ್ಯ ರೂಟರಿನ ಫರ್ಮ್‌ವೇರ್ ಫಲಕಕ್ಕೆ ಬೆಸುಗೆ ಹಾಕಿದ ಚಿಪ್ಪಿನಲ್ಲಿರುತ್ತದೆ. ಅದು ಪೂರ್ತಿ ಕೆಟ್ಟರೆ ಸರಿಪಡಿಸುವುದು ಕಷ್ಟ. ಪೈ ಫಲಕದಲ್ಲಾದರೋ ಅದು ಉಗುರಿನಷ್ಟು ದೊಡ್ಡ ಮೆಮೊರಿ ಕಾರ್ಡಿನಲ್ಲಿರುತ್ತದೆ. ಕೆಟ್ಟರೆ ಕಾರ್ಡನ್ನು ಹೊರತೆಗೆದು ಹೊಸದಾಗಿ ಬರೆಯಬಹುದು.

ಅಳವಡಿಸುವುದು ಹೇಗೆ?

1. ಮೊದಲು ಫಲಕದ ಮಾದರಿ ಯಾವುದೆಂದು ನೋಡಿ, ಅದಕ್ಕೆ ಹೊಂದುವ ಕಡತವನ್ನೇ ಇಳಿಸಿಕೊಳ್ಳಬೇಕು. ಪೈ 3ಕ್ಕೆ ಒಂದು ಕಡತ, ಪೈ 4ಕ್ಕೆ ಇನ್ನೊಂದು.

2. ಕಡತ ಪೂರ್ತಿಯಾಗಿ ಬಂದಿದೆಯೇ ಎಂದು ಪರೀಕ್ಷಿಸಬೇಕು. ಅಕ್ಕಿ ಮೂಟೆಗಳು ಶಾಲೆಗೆ ಬಂದಾಗ ಎಣಿಸಿ ರಸೀದಿಯೊಂದಿಗೆ ತಾಳೆ ನೋಡುತ್ತೇವಲ್ಲ, ಹಾಗೆ. ಇಲ್ಲಿ ರಸೀದಿಯ ಬದಲು 64 ಅಕ್ಷರ–ಅಂಕಿಗಳ ಮೊತ್ತವೊಂದಿರುತ್ತದೆ. ಕಡತದಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಈ ಮೊತ್ತ ಬೇರೆಯಾಗುತ್ತದೆ.

3. ಕಾರ್ಡ್ ಬರೆಯುವ ತಂತ್ರಾಂಶದಿಂದ ಕಡತವನ್ನು ಕಾರ್ಡಿಗೆ ಬರೆಯಬೇಕು. ಬರೆಯುವ ಮುನ್ನ ಆರಿಸಿದ್ದು ಕಾರ್ಡನ್ನೇ ಹೌದೇ ಎಂದು ಎರಡು ಸಲ ನೋಡಿ. ತಪ್ಪಾಗಿ ಗಣಕಯಂತ್ರದ ಡಿಸ್ಕನ್ನು ಆರಿಸಿದರೆ ಅದರಲ್ಲಿದ್ದುದೆಲ್ಲ ಅಳಿಸಿಹೋದೀತು!

4. ಕಾರ್ಡನ್ನು ಫಲಕಕ್ಕೆ ಹಾಕಿ, ಈಥರ್‌ನೆಟ್ ತಂತಿಯಿಂದ ಗಣಕಯಂತ್ರಕ್ಕೆ ಜೋಡಿಸಿ ವಿದ್ಯುತ್ ಕೊಡಬೇಕು. ಪೈ 3ಕ್ಕೆ 5 ವೋಲ್ಟ್, 2.5 ಆಂಪಿಯರ್ ಕೊಡುವ ಅಡಾಪ್ಟರ್ ಬೇಕು. ದುರ್ಬಲ ಮೊಬೈಲ್ ಚಾರ್ಜರ್ ಹಾಕಿದರೆ ಫಲಕ ನಡುವೆಯೇ ನಿಂತು ಕಾರ್ಡಿನ ಬರಹ ಕೆಡಬಹುದು.

5. ಸ್ವಲ್ಪ ಹೊತ್ತಿನ ಬಳಿಕ ಬ್ರೌಸರಿನಲ್ಲಿ 192.168.1.1 ಎಂದು ಬರೆದರೆ ಓಪನ್‌ವರ್ಟ್ ಪುಟ ತೆರೆಯುತ್ತದೆ. ಮೊದಲಿಗೆ ಇದಕ್ಕೆ ಗುಪ್ತಪದವೇ ಇರುವುದಿಲ್ಲ. ಆದ್ದರಿಂದ ಮಾಡಬೇಕಾದ ಮೊದಲ ಕೆಲಸ ಗುಪ್ತಪದ ಇಡುವುದು.

ಅಚ್ಚಾದ ಪುಟ, ಮೇಲೊಂದು ಪಾರದರ್ಶಕ ಹಾಳೆ

ಓಪನ್‌ವರ್ಟ್ ತನ್ನನ್ನು ಕಾಪಾಡಿಕೊಳ್ಳುವ ರೀತಿ ಬಹಳ ಸೊಗಸಾದುದು. ಸ್ಕ್ವಾಷ್‌ಎಫ್‌ಎಸ್ ಎಂಬ ಬಗೆಯ ಕಡತವನ್ನು ಅಳವಡಿಸಿದರೆ ಕಾರ್ಡಿನಲ್ಲಿ ಎರಡು ಪದರಗಳಿರುತ್ತವೆ. ಕೆಳಗಿನ ಪದರದಲ್ಲಿ ಮೂಲ ವ್ಯವಸ್ಥೆ ಇರುತ್ತದೆ. ಅದನ್ನು ಓದಬಹುದೇ ಹೊರತು ನಿತ್ಯದ ಬಳಕೆಯಲ್ಲಿ ತಿದ್ದಲಾಗದು. ಮೇಲಿನ ಪದರ ಖಾಲಿ. ನಾವು ಮಾಡುವ ಬದಲಾವಣೆಗಳೆಲ್ಲ ಈ ಮೇಲಿನ ಪದರದಲ್ಲಿ ಉಳಿಯುತ್ತವೆ. ಪಠ್ಯಪುಸ್ತಕದ ಪುಟದ ಮೇಲೆ ಪಾರದರ್ಶಕ ಹಾಳೆ ಇಟ್ಟು ಬರೆದಂತೆ ಇದು. ಮೂಲ ವ್ಯವಸ್ಥೆಯ ಕಡತವೊಂದನ್ನು ನಾವು 'ಅಳಿಸಿದರೂ' ಅದು ನಿಜವಾಗಿ ಅಳಿಯುವುದಿಲ್ಲ. 'ಇದನ್ನು ತೋರಿಸಬೇಡ' ಎಂಬ ಗುರುತು ಮೇಲಿನ ಹಾಳೆಯಲ್ಲಿ ಬೀಳುತ್ತದೆ, ಅಷ್ಟೇ. ಹಾಳೆ ತೆಗೆದರೆ ಅಚ್ಚಾದ ಪುಟ ಮೊದಲಿನಂತೆಯೇ ಕಾಣುತ್ತದೆ.

ನಾನು ಮಾಡಿದ ತಪ್ಪು

ಒಮ್ಮೆ ಶಿಕ್ಷಕರ ತರಬೇತಿಗಾಗಿ 8 ಹಳೆಯ ಗಣಕಯಂತ್ರಗಳನ್ನು ಪೈ 3 ಫಲಕದ ಮೂಲಕ ಜೋಡಿಸಿದ್ದೆ. ಹಿಂದಿನ ಸಂಜೆ ಒಂದು ಆಸೆ ಹುಟ್ಟಿತು: ಇದಕ್ಕೆ ಅಂತರ್ಜಾಲವನ್ನೂ ಕೊಡಬಾರದೇಕೆ? ಪೈ 3ರಲ್ಲಿ ಈಥರ್‌ನೆಟ್ ಕಿಂಡಿ ಇರುವುದು ಒಂದೇ. 'ನಿನ್ನ ವಿಳಾಸವನ್ನು ಬೇರೆ ರೂಟರಿನಿಂದ ಕೇಳಿ ಪಡೆ' ಎಂದು ಆ ಕಿಂಡಿಗೆ ಸೂಚಿಸಿದೆ. ಸಂಪರ್ಕ ತಪ್ಪಿದರೆ ಹಳೆಯ ಹೊಂದಾಣಿಕೆಗೆ ಮರಳುವ ಏರ್ಪಾಡು ಓಪನ್‌ವರ್ಟ್‌ನಲ್ಲಿದೆ. ಅವಸರದಲ್ಲಿ ಅದನ್ನೂ ಬೇಡವೆಂದು ಒತ್ತಿಬಿಟ್ಟೆ. ತೆಗೆದುಕೊಳ್ಳಿ, ಫಲಕ ಮಾಯ! 192.168.1.1ಕ್ಕೆ ಉತ್ತರವೇ ಇಲ್ಲ. ಬೆಳಗ್ಗೆ 10 ಗಂಟೆಗೆ ಶಿಕ್ಷಕರು ಬರುವವರಿದ್ದರು.

ಫಲಕ ಸುಟ್ಟುಹೋಯಿತೆಂದೇ ಭಾವಿಸಿದೆ. ಆದರೆ ವಿದ್ಯುತ್ತಿನ ಕೆಂಪು ದೀಪ ಉರಿಯುತ್ತಿತ್ತು. ಮತ್ತೆ ಚಾಲೂ ಮಾಡಿದಾಗ ಹಸಿರು ದೀಪವೂ ಮಿನುಗಿತು. ಅಂದರೆ ಫಲಕ ಬದುಕಿದೆ, ಅದರ ವಿಳಾಸ ಮಾತ್ರ ಕಳೆದಿದೆ. ವಿದ್ಯುತ್ ಆರಿಸಿ, ಪರದೆಯನ್ನೂ ಕೀಲಿಮಣೆಯನ್ನೂ ಫಲಕಕ್ಕೇ ಜೋಡಿಸಿ, ಮತ್ತೆ ಚಾಲೂ ಮಾಡಿ ಎಂಟರ್ ಒತ್ತಿದೆ. ಆಜ್ಞೆ ಬರೆಯುವ ಸಾಲು ಕಾಣಿಸಿತು. ವಿಳಾಸದ ಕಡತದಲ್ಲಿ ತಪ್ಪಾದ ಸಾಲುಗಳನ್ನು ತಿದ್ದಿ ಮರುಚಾಲನೆ ಮಾಡಿದೆ. 8 ಗಣಕಯಂತ್ರಗಳೂ ಮತ್ತೆ ಮಾತನಾಡಿದವು.

ಮರುಜೀವದ ಮೆಟ್ಟಿಲುಗಳು

ಫಲಕ ಉತ್ತರ ಕೊಡದಿದ್ದರೆ ಸುಲಭವಾದ ಪರೀಕ್ಷೆಯಿಂದ ಆರಂಭಿಸಿ.

ದೀಪ ನೋಡಿ: ಪೈ ಫಲಕದ ಹಸಿರು ದೀಪ ತೊಂದರೆಯನ್ನು ಎಣಿಸಿ ಹೇಳುತ್ತದೆ. 4 ಬಾರಿ ಮಿನುಗಿ ನಿಂತು ಮತ್ತೆ 4 ಬಾರಿ ಮಿನುಗಿದರೆ ಕಾರ್ಡಿನಲ್ಲಿ ಆರಂಭದ ಕಡತ ಸಿಗುತ್ತಿಲ್ಲ. 7 ಬಾರಿಯಾದರೆ ವ್ಯವಸ್ಥೆಯ ತಿರುಳಾದ ಕರ್ನಲ್ ಸಿಗುತ್ತಿಲ್ಲ.

ಹಾಳೆ ತೆಗೆಯಿರಿ: ವ್ಯವಸ್ಥೆ ಚಾಲೂ ಆಗುತ್ತಿದ್ದು ಹೊಂದಾಣಿಕೆ ಮಾತ್ರ ಕೆಟ್ಟಿದ್ದರೆ, ಪರದೆ ಮತ್ತು ಕೀಲಿಮಣೆ ಜೋಡಿಸಿ 'ಫಸ್ಟ್‌ಬೂಟ್' ಎಂಬ ಆಜ್ಞೆ ಕೊಟ್ಟು ಮರುಚಾಲನೆ ಮಾಡಿ. ಮೇಲಿನ ಪದರ ಖಾಲಿಯಾಗಿ, ಫಲಕ ಮೊದಲ ದಿನದ ಸ್ಥಿತಿಗೆ ಬರುತ್ತದೆ. ನಮ್ಮ ಹೊಂದಾಣಿಕೆಗಳೂ ಹೋಗುವುದರಿಂದ ಮುಂಚೆಯೇ ಅವುಗಳ ಪ್ರತಿ ಇಟ್ಟುಕೊಂಡಿರಬೇಕು. ಗುಂಡಿ ಇರುವ ಅನೇಕ ಸಾಮಾನ್ಯ ರೂಟರ್‌ಗಳಲ್ಲಿ, ಚಾಲೂ ಆಗುವಾಗ ಅದನ್ನು ಒತ್ತಿದರೆ ಮೇಲಿನ ಪದರವನ್ನು ಬಿಟ್ಟು ಕೆಳಗಿನ ಪದರದಿಂದಲೇ ಏಳುವ 'ಫೇಲ್‌ಸೇಫ್' ಸ್ಥಿತಿ ಸಿಗುತ್ತದೆ.

ಕಾರ್ಡ್ ಮತ್ತೆ ಬರೆಯಿರಿ: ಕೆಳಗಿನ ಪದರವೇ ಕೆಟ್ಟಿದ್ದರೆ ಕಾರ್ಡನ್ನು ಬೇರೆ ಗಣಕಯಂತ್ರದಲ್ಲಿ ಹೊಸದಾಗಿ ಬರೆಯಬೇಕು. ಪೈ 3ರಲ್ಲಿ ಕಾರ್ಡನ್ನು ಓದುವ ಮೊದಲ ಸೂಚನೆಗಳು ಮುಖ್ಯ ಚಿಪ್ಪಿನಲ್ಲೇ ಶಾಶ್ವತವಾಗಿ ಇರುತ್ತವೆ. ಹಾಗಾಗಿ ಕಾರ್ಡಿನಲ್ಲಿ ಎಷ್ಟೇ ತಪ್ಪು ಬರೆದರೂ ಅವು ಕೆಡುವುದಿಲ್ಲ. ಪೈ 4ರಲ್ಲಿ ಆರಂಭದ ಸೂಚನೆಗಳ ಒಂದು ಭಾಗ ತಿದ್ದಬಹುದಾದ ಪುಟ್ಟ ಚಿಪ್ಪಿನಲ್ಲಿದೆ. ಅದು ಕೆಟ್ಟರೆ, ಅದಕ್ಕೆಂದೇ ಇರುವ ಕಡತವನ್ನು ಕಾರ್ಡಿಗೆ ಬರೆದು ಹಾಕಿದರಾಯಿತು. ದುರಸ್ತಿ ಮುಗಿದಾಗ ಪರದೆ ಪೂರ್ತಿ ಹಸಿರಾಗುತ್ತದೆ.

ಇಷ್ಟು ಮಾಡಿದರೂ ಏಳದಿದ್ದರೆ ಬೇರೆ ಕಾರ್ಡ್, ಬೇರೆ ಅಡಾಪ್ಟರ್ ಹಾಕಿ ನೋಡಿ. ಚಿಪ್ಪೇ ಸುಟ್ಟಿದ್ದರೆ ಯಾವ ತಂತ್ರಾಂಶವೂ ಅದನ್ನು ಉಳಿಸಲಾರದು. ಆದರೆ ತಂತ್ರಾಂಶದ ತಪ್ಪಿಗೆ ಹೆದರಬೇಕಿಲ್ಲ. ಮರಳುವ ದಾರಿ ತಿಳಿದಿದ್ದರೆ ಧೈರ್ಯವಾಗಿ ಪ್ರಯೋಗ ಮಾಡಬಹುದು.

ಮಾಡಿ ನೋಡಿ

ಸಮಾಜ ವಿಜ್ಞಾನ ಪುಸ್ತಕದ ಕರ್ನಾಟಕ ಭೂಪಟದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇಡಿ. ಸ್ಕೆಚ್ ಪೆನ್ನಿನಿಂದ ನಿಮ್ಮ ಊರನ್ನು ಗುರುತಿಸಿ. ಇನ್ನೊಂದು ಊರಿನ ಹೆಸರಿನ ಮೇಲೆ ಚಿಕ್ಕ ಬಿಳಿ ಕಾಗದ ಅಂಟಿಸಿ 'ಅಳಿಸಿ'. ಈಗ ಹಾಳೆ ಎತ್ತಿ. ಯಾವುದು ಹೋಯಿತು? ಯಾವುದು ಮರಳಿ ಬಂತು? ನಿಮ್ಮ ಗುರುತುಗಳನ್ನು ಕಳೆದುಕೊಳ್ಳದೆ ಒಂದು ತಪ್ಪನ್ನು ಮಾತ್ರ ತಿದ್ದಬೇಕಾದರೆ ಏನು ಮಾಡುತ್ತೀರಿ? ತರಗತಿಯಲ್ಲಿ ಚರ್ಚಿಸಿ.