ತಡವಾಗಿ ಬಂದ ಟ್ಯಾಬ್ಲೆಟ್ಟಿಗೆ ಜಾಗವಿದೆಯೆ?

2011ರ ಜುಲೈ 1ರಂದು ಎಚ್‌ಪಿ ಕಂಪನಿಯ ಟಚ್‌ಪ್ಯಾಡ್ ಅಮೆರಿಕದ ಅಂಗಡಿಗಳಿಗೆ ಬಂತು. ಅಷ್ಟರಲ್ಲಿ ಆಪಲ್‌ನ ಐಪ್ಯಾಡ್ ಮಾರಾಟಕ್ಕೆ ಬಂದು ಹದಿನೈದು ತಿಂಗಳಾಗಿತ್ತು, ಅದರ ಎರಡನೇ ಆವೃತ್ತಿಯೂ ಹೊರಬಿದ್ದಿತ್ತು. ಎರಡರ ಪರದೆಯೂ 9.7 ಇಂಚಿನದು, ಎರಡರ ಆರಂಭದ ಬೆಲೆಯೂ 499 ಡಾಲರ್. ಟಚ್‌ಪ್ಯಾಡ್ ಮಾತ್ರ ಸುಮಾರು 740 ಗ್ರಾಂ ತೂಗುತ್ತಿತ್ತು, ಐಪ್ಯಾಡ್ 2 ಆರುನೂರರ ಆಸುಪಾಸಿನಲ್ಲಿತ್ತು. ಈ ಯಂತ್ರದ ತಂತ್ರಾಂಶಕ್ಕಾಗಿಯೇ ಎಂಬಂತೆ ಎಚ್‌ಪಿ ಹಿಂದಿನ ವರ್ಷ 120 ಕೋಟಿ ಡಾಲರ್ ಸುರಿದು ಪಾಮ್ ಕಂಪನಿಯನ್ನು ಕೊಂಡಿತ್ತು. ಆದರೂ ಆಗಸ್ಟ್ 18ರಂದು, ಅಂದರೆ ಏಳೇ ವಾರಗಳಲ್ಲಿ, ಟಚ್‌ಪ್ಯಾಡನ್ನು ಕೈಬಿಡುವುದಾಗಿ ಘೋಷಿಸಿತು. ತಡವಾಗಿ ಬಂದದ್ದೇ ಮುಳುವಾಯಿತು ಎಂದು ಆಗ ಬಹಳ ಜನ ಹೇಳಿದರು. ಈ ವಿವರಣೆ ಸಾಲದು. ಹಾಗೆ ನೋಡಿದರೆ ಐಪ್ಯಾಡ್ ಕೂಡ ತಡವಾಗಿ ಬಂದದ್ದೇ. ಆಪಲ್‌ನದೇ ನ್ಯೂಟನ್ ಎಂಬ ಯಂತ್ರ 1993ರಲ್ಲಿ ಬಂದು ಹೋಗಿತ್ತು. ಮೈಕ್ರೋಸಾಫ್ಟ್‌ನ ಟ್ಯಾಬ್ಲೆಟ್ ಪಿಸಿ 2002ರಲ್ಲೇ ಬಂದಿತ್ತು, ಆದರೆ ಮೌಸಿಗೆಂದು ರೂಪಿಸಿದ ವಿಂಡೋಸನ್ನು ಪೆನ್ನಿನಲ್ಲಿ ಚುಚ್ಚಿ ನಡೆಸಬೇಕಾಗಿತ್ತು. ಐಪ್ಯಾಡ್ ಇಡೀ ಪರದೆಯನ್ನು ಬೆರಳಿಗೆ ಒಪ್ಪಿಸಿತು. ತಡವಾಗಿ ಬಂದ ಯಂತ್ರ ತನಗಿಂತ ಮೊದಲು ಬಂದದ್ದು ಮಾಡದೆ ಬಿಟ್ಟ ಕೆಲಸವನ್ನು ಹಿಡಿದರೆ ನಿಲ್ಲುತ್ತದೆ, ಅದೇ ಕೆಲಸವನ್ನು ಅದೇ ಬೆಲೆಗೆ ಮಾಡಲು ಹೊರಟರೆ ಬೀಳುತ್ತದೆ ಎಂಬುದು ನನ್ನ ವಾದ.

ಟಚ್‌ಪ್ಯಾಡಿನ ತಂತ್ರಾಂಶ ಕಳಪೆಯದಾಗಿರಲಿಲ್ಲ. ವೆಬ್‌ಓಎಸ್ ಎಂಬ ಆ ವ್ಯವಸ್ಥೆಯಲ್ಲಿ ತೆರೆದಿಟ್ಟ ಪ್ರತಿಯೊಂದು ಆ್ಯಪ್ ಒಂದೊಂದು ಕಾರ್ಡಿನಂತೆ ಸಾಲಾಗಿ ನಿಲ್ಲುತ್ತಿತ್ತು. ಬೇಡವಾದದ್ದನ್ನು ಬೆರಳಿನಿಂದ ಮೇಲಕ್ಕೆ ಚಿಮ್ಮಿದರೆ ಅದು ಮುಚ್ಚಿಹೋಗುತ್ತಿತ್ತು. ಇವತ್ತು ನಮ್ಮ ಫೋನುಗಳಲ್ಲಿ ಆ್ಯಪ್ ಮುಚ್ಚುವುದು ಬಹುಮಟ್ಟಿಗೆ ಹೀಗೆಯೇ. ಕೊರತೆ ಇದ್ದದ್ದು ಬೇರೆ ಕಡೆ. ಟ್ಯಾಬ್ಲೆಟ್ ಎಂಬುದು ತನ್ನಷ್ಟಕ್ಕೆ ಬರಿಯ ಗಾಜಿನ ಹಲಗೆ, ಅದರ ಬೆಲೆ ಇರುವುದು ಅದರ ಮೇಲೆ ಓಡುವ ಆ್ಯಪ್‌ಗಳಲ್ಲಿ. ಒಂದು ವ್ಯವಸ್ಥೆಗೆಂದು ಬರೆದ ಆ್ಯಪ್ ಇನ್ನೊಂದರಲ್ಲಿ ಸುಮ್ಮನೆ ಓಡುವುದಿಲ್ಲ. ಪರದೆಯ ಮೇಲೆ ಗುಂಡಿ ಬಿಡಿಸಲು, ಕಡತ ತೆರೆಯಲು, ಸದ್ದು ಹೊರಡಿಸಲು ಆ್ಯಪ್ ತನ್ನಡಿಯ ವ್ಯವಸ್ಥೆಯನ್ನು ಕೇಳಿಕೊಳ್ಳಬೇಕು, ಕೇಳುವ ರೀತಿ ಒಂದೊಂದರಲ್ಲಿ ಒಂದೊಂದು ತರಹ. ಐಪ್ಯಾಡಿನ ಆ್ಯಪ್‌ಗಳನ್ನು ಆಗ ಹೆಚ್ಚಾಗಿ ಆಬ್ಜೆಕ್ಟಿವ್-ಸಿ ಎಂಬ ಭಾಷೆಯಲ್ಲಿ ಬರೆಯುತ್ತಿದ್ದರು, ವೆಬ್‌ಓಎಸ್‌ಗೆ ಬಹುಮಟ್ಟಿಗೆ ಜಾವಾಸ್ಕ್ರಿಪ್ಟ್ ಬಳಸಬೇಕಿತ್ತು. ಹೀಗಾಗಿ ಹೊಸದಾಗಿ ಬರೆಯುವುದೆಂದರೆ ಮತ್ತೆ ತಿಂಗಳುಗಟ್ಟಲೆ ಸಂಬಳದ ಖರ್ಚು. ಕೊಳ್ಳುವವರು ಕಾಣದ ಸಂತೆಗೆ ವ್ಯಾಪಾರಿ ಗಾಡಿ ಕಟ್ಟುವುದಿಲ್ಲ, ಅಂಗಡಿ ಹೂಡದ ಸಂತೆಗೆ ಕೊಳ್ಳುವವರೂ ಬರುವುದಿಲ್ಲ. ಐಪ್ಯಾಡ್ ಈ ಗಂಟನ್ನು ಹುಟ್ಟುವಾಗಲೇ ಬಿಡಿಸಿಕೊಂಡಿತ್ತು, ಏಕೆಂದರೆ ಐಫೋನಿಗೆ ಬರೆದಿದ್ದ ಲಕ್ಷಕ್ಕೂ ಮಿಕ್ಕಿದ ಆ್ಯಪ್‌ಗಳು ಮೊದಲ ದಿನದಿಂದಲೇ ಅದರಲ್ಲಿ ಓಡಿದವು. 2011ರ ಜೂನ್ ಹೊತ್ತಿಗೆ ಐಪ್ಯಾಡಿಗೆಂದೇ ಮಾಡಿದ ಆ್ಯಪ್‌ಗಳು 90,000 ದಾಟಿದ್ದವು. ಮರುತಿಂಗಳು ಬಂದ ಟಚ್‌ಪ್ಯಾಡಿನ ಬಳಿ ಅದಕ್ಕೆಂದು ಮಾಡಿದವು ಇದ್ದದ್ದು ಸುಮಾರು 300.

ಬೆಲೆ ಇಳಿಸಿದ್ದರೆ ಗೆಲ್ಲುತ್ತಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಕೈಬಿಟ್ಟ ಮೇಲೆ ಎಚ್‌ಪಿ ಉಳಿದ ದಾಸ್ತಾನನ್ನು 99 ಡಾಲರಿಗೆ ಮಾರಿತು, ಜನ ಮುಗಿಬಿದ್ದು ಕೊಂಡರು. ನಿಜ, ಆದರೆ ಆ ಬೆಲೆಗೆ ಒಳಗಿನ ಬಿಡಿಭಾಗಗಳ ಖರ್ಚೂ ಹುಟ್ಟುತ್ತಿರಲಿಲ್ಲ. ಅಗ್ಗ ಮಾಡಲೆಂದು ಬಿಡಿಭಾಗಗಳಲ್ಲೇ ಕೈಬಿಗಿ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ಸಾಕ್ಷಿಯಿದೆ. 2011ರ ಅಕ್ಟೋಬರ್ 5ರಂದು ದೆಹಲಿಯಲ್ಲಿ ಕೇಂದ್ರ ಸಚಿವ ಕಪಿಲ್ ಸಿಬಲ್ ಆಕಾಶ್ ಟ್ಯಾಬ್ಲೆಟ್ಟನ್ನು ಬಿಡುಗಡೆ ಮಾಡಿದರು. ಡೇಟಾವಿಂಡ್ ಕಂಪನಿ ಮಾಡಿಕೊಟ್ಟ ಈ ಯಂತ್ರಕ್ಕೆ ಸರ್ಕಾರ ಕೊಟ್ಟ ಬೆಲೆ 2,276 ರೂಪಾಯಿ. ಬಡ ವಿದ್ಯಾರ್ಥಿಯ ಕೈಗೆ ಕಂಪ್ಯೂಟರ್ ಕೊಡುವ ಆಸೆ ದೊಡ್ಡದು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಅದರ ಪರದೆ ಒತ್ತಡದಿಂದ ಕೆಲಸ ಮಾಡುವಂಥದು. ವಿದ್ಯುತ್ ಹರಿಸುವ ಎರಡು ತೆಳು ಪದರಗಳ ನಡುವೆ ಕೂದಲೆಳೆಯ ಸಂದು ಇರುತ್ತದೆ, ಮೇಲಿನದನ್ನು ಒತ್ತಿ ಕೆಳಗಿನದಕ್ಕೆ ತಾಗಿಸಿದರೆ ಮಾತ್ರ ಎಲ್ಲಿ ಮುಟ್ಟಿದಿರಿ ಎಂದು ಯಂತ್ರಕ್ಕೆ ತಿಳಿಯುತ್ತದೆ. ಐಪ್ಯಾಡಿನ ಗಾಜನ್ನು ಒತ್ತಬೇಕಿಲ್ಲ. ಗಾಜಿನಡಿಯ ಜಾಲದಲ್ಲಿ ಸದಾ ಒಂದು ವಿದ್ಯುತ್ ಕ್ಷೇತ್ರ ಇರುತ್ತದೆ, ನಮ್ಮ ಬೆರಳೂ ವಿದ್ಯುತ್ ಹರಿಯುವ ವಸ್ತುವಾದ್ದರಿಂದ ಹತ್ತಿರ ಬಂದ ಕೂಡಲೇ ಆ ಕ್ಷೇತ್ರ ಕದಲುತ್ತದೆ. ಎರಡು ಬೆರಳಿಟ್ಟು ಚಿತ್ರವನ್ನು ಹಿಗ್ಗಿಸುವುದು ಇಲ್ಲಿ ಸಲೀಸು, ಆಕಾಶ್‌ನಂಥ ಪರದೆಯಲ್ಲಿ ಪುಟ ಸರಿಸುವುದಕ್ಕೂ ಬೆರಳನ್ನು ಒತ್ತಿ ಎಳೆಯಬೇಕು. 366 ಮೆಗಾಹರ್ಟ್ಸ್‌ನ ಪ್ರೊಸೆಸರ್ ಅದನ್ನು ಮತ್ತಷ್ಟು ನಿಧಾನಗೊಳಿಸುತ್ತಿತ್ತು. ಮುಂದಿನ ವರ್ಷ ಬಂದ ಆಕಾಶ್-2ರಲ್ಲಿ ಪರದೆ, ಪ್ರೊಸೆಸರ್ ಎರಡನ್ನೂ ಬದಲಾಯಿಸಬೇಕಾಯಿತು.

ಅದೇ 2011ರ ನವೆಂಬರಿನಲ್ಲಿ ಅಮೆಜಾನ್‌ನ ಕಿಂಡಲ್ ಫೈರ್ ಬಂತು. ಟಚ್‌ಪ್ಯಾಡಿಗಿಂತಲೂ ನಾಲ್ಕೂವರೆ ತಿಂಗಳು ತಡ, ಮೇಲಾಗಿ ಕ್ಯಾಮೆರಾ ಇಲ್ಲ, ಮೈಕ್ ಇಲ್ಲ, ಪರದೆ ಏಳೇ ಇಂಚು, ಬೆಲೆ 199 ಡಾಲರ್. ಗೆದ್ದದ್ದು ಅದು. ಆಂಡ್ರಾಯ್ಡನ್ನು ತನಗೆ ಬೇಕಾದಂತೆ ಬದಲಾಯಿಸಿಕೊಂಡಿದ್ದರಿಂದ ಆ್ಯಪ್ ಬರೆಯುವವರು ಮೊದಲಿಂದ ಶುರುಮಾಡಬೇಕಾಗಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಅಮೆಜಾನ್ ಲಾಭ ನೋಡಿದ್ದು ಯಂತ್ರದಲ್ಲಲ್ಲ. ಯಂತ್ರವನ್ನು ಅಸಲಿಗೇ ಮಾರುತ್ತೇವೆ ಎಂದು ಅದರ ಮುಖ್ಯಸ್ಥ ಜೆಫ್ ಬೆಜೋಸ್ 2012ರಲ್ಲಿ ಬಹಿರಂಗವಾಗಿಯೇ ಹೇಳಿದರು. ಕೊಂಡವರು ಮುಂದೆ ಪುಸ್ತಕ, ಸಿನಿಮಾ, ಹಾಡು ಕೊಳ್ಳುತ್ತಾ ಹೋದಂತೆ ದುಡ್ಡು ಬರುತ್ತಿತ್ತು. ಅಗ್ಗದ ಬೆಲೆಯ ನಷ್ಟ ತುಂಬಿಕೊಡುವ ಇನ್ನೊಂದು ಆದಾಯ ಎಚ್‌ಪಿಗೆ ಇರಲಿಲ್ಲ.

ಮೈಕ್ರೋಸಾಫ್ಟ್‌ನ ಕಥೆ ಇನ್ನೂ ಸ್ಪಷ್ಟ, ಸೋಲು ಗೆಲುವು ಎರಡೂ ಒಂದೇ ಮನೆಯೊಳಗೆ ನಡೆದವು. 2012ರ ಅಕ್ಟೋಬರಿನಲ್ಲಿ ಬಂದ ಸರ್ಫೇಸ್ ಆರ್‌ಟಿ ನೋಡುವುದಕ್ಕೆ ವಿಂಡೋಸ್ ಯಂತ್ರವೇ. ಆದರೆ ಒಳಗಿನ ಚಿಪ್ ಫೋನುಗಳಲ್ಲಿ ಬಳಸುವ ಆರ್ಮ್ ಜಾತಿಯದು, ಅದು ತಿಳಿಯುವ ಆದೇಶಗಳೇ ಬೇರೆ. ಇಂಟೆಲ್ ಚಿಪ್ಪಿಗೆಂದು ಇಪ್ಪತ್ತು ವರ್ಷಗಳಿಂದ ಸಿದ್ಧವಾಗಿದ್ದ ಸಾವಿರಾರು ವಿಂಡೋಸ್ ಪ್ರೋಗ್ರಾಮುಗಳಲ್ಲಿ ಒಂದೂ ಅದರಲ್ಲಿ ಓಡಲಿಲ್ಲ. ತನ್ನ ಬಳಿಯಿದ್ದ ಅತಿ ದೊಡ್ಡ ಆಸ್ತಿಯನ್ನು ಮೈಕ್ರೋಸಾಫ್ಟ್ ಹೊರಗೇ ಬಿಟ್ಟು ಬಂದಿತ್ತು. 2013ರ ಜುಲೈನಲ್ಲಿ ಮಾರಾಟವಾಗದ ದಾಸ್ತಾನಿನ ಲೆಕ್ಕದಲ್ಲಿ 90 ಕೋಟಿ ಡಾಲರ್ ನಷ್ಟ ತೋರಿಸಿತು. ಆ ಹಣಕಾಸು ವರ್ಷದಲ್ಲಿ ಸರ್ಫೇಸ್‌ನಿಂದ ಬಂದ ಒಟ್ಟು ವರಮಾನ ಅದಕ್ಕಿಂತ ಕಡಿಮೆ, ಸುಮಾರು 85 ಕೋಟಿ. ಇಂಟೆಲ್ ಚಿಪ್ಪಿನ ಸರ್ಫೇಸ್ ಪ್ರೋ ದಪ್ಪಗಿತ್ತು, ಬೇಗ ಚಾರ್ಜು ಕಳೆದುಕೊಳ್ಳುತ್ತಿತ್ತು, ದುಬಾರಿಯೂ ಆಗಿತ್ತು. ಆದರೆ ಕಚೇರಿಯ ಹಳೆಯ ಪ್ರೋಗ್ರಾಮುಗಳನ್ನೆಲ್ಲ ಓಡಿಸುತ್ತಿತ್ತು, ಐಪ್ಯಾಡಿಗೆ ಆಗದ ಕೆಲಸ ಅದೇ. 2014ರ ಮೂರನೇ ಆವೃತ್ತಿಯಲ್ಲಿ ಪರದೆ 12 ಇಂಚಾಯಿತು, ಮೈ ತೆಳುವಾಯಿತು, ಲ್ಯಾಪ್‌ಟಾಪಿನ ಬದಲು ಒಯ್ಯಬಹುದಾದ ಯಂತ್ರವಾಯಿತು. ಮರುವರ್ಷ ಆಪಲ್ ತಾನೇ ದೊಡ್ಡ ಪರದೆಯ ಐಪ್ಯಾಡ್ ಪ್ರೋ ತಂದು, ಅದಕ್ಕೆ ಹೊಂದುವ ಕೀಲಿಮಣೆ ಮತ್ತು ಪೆನ್ಸಿಲನ್ನು ಮಾರಾಟಕ್ಕಿಟ್ಟಿತು.

ನನ್ನ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ. ಆಂಡ್ರಾಯ್ಡ್ ಫೋನೂ ಐಫೋನಿಗಿಂತ ಒಂದು ವರ್ಷದ ಮೇಲೆ ತಡವಾಗಿ, ಅದೇ ಕೆಲಸ ಮಾಡಲೆಂದೇ ಬಂದು ಜಗತ್ತನ್ನು ಆವರಿಸಲಿಲ್ಲವೆ? ಆವರಿಸಿತು. ಅಲ್ಲಿ ಅದಕ್ಕೆ ಮೊಬೈಲ್ ಸೇವಾ ಕಂಪನಿಗಳ ಹೆಗಲು ಸಿಕ್ಕಿತ್ತು. ಅಮೆರಿಕದಲ್ಲಿ 2011ರ ಆರಂಭದವರೆಗೆ ಐಫೋನ್ ಎಟಿ ಅಂಡ್ ಟಿ ಒಂದರ ಬಳಿಯೇ ಇತ್ತು. ಉಳಿದ ಕಂಪನಿಗಳಿಗೆ ಪೈಪೋಟಿಗೆ ಒಂದು ಫೋನು ಬೇಕೇ ಬೇಕಿತ್ತು. ಎರಡು ವರ್ಷದ ಕರಾರಿನಲ್ಲಿ ಬೆಲೆಯ ಬಹುಪಾಲು ತಾವೇ ಹೊತ್ತು ಆಂಡ್ರಾಯ್ಡ್ ಫೋನನ್ನು ಗಿರಾಕಿಯ ಕೈಗಿಟ್ಟವು. ಐಫೋನ್ ತಲುಪದ ಗಿರಾಕಿಯನ್ನು ಅದು ತಲುಪಿತು. ಟ್ಯಾಬ್ಲೆಟ್ಟನ್ನು ಹೆಚ್ಚಿನವರು ಪೂರಾ ಹಣ ಕೊಟ್ಟೇ ಕೊಳ್ಳುತ್ತಾರೆ, ಅದಿಲ್ಲದೆಯೂ ದಿನ ಸಾಗುತ್ತದೆ. 2011ರ ಫೆಬ್ರುವರಿಯಲ್ಲಿ 799 ಡಾಲರ್ ಬೆಲೆ ಹೊತ್ತು ಬಂದ ಮೊಟೊರೋಲಾ ಜೂಮ್ ಎಂಬ ಆಂಡ್ರಾಯ್ಡ್ ಟ್ಯಾಬ್ಲೆಟ್ ನೆಲಕಚ್ಚಿದ್ದು ಇದಕ್ಕೇ.

ಟಚ್‌ಪ್ಯಾಡಿನ ವೆಬ್‌ಓಎಸ್ ಮಾತ್ರ ಸಾಯಲಿಲ್ಲ. 2013ರಲ್ಲಿ ಅದನ್ನು ಎಲ್‌ಜಿ ಕೊಂಡು, ಯಾವ ಆ್ಯಪ್ ಅಂಗಡಿಯೂ ಇನ್ನೂ ಗಟ್ಟಿಯಾಗಿ ಬೇರೂರದಿದ್ದ ಟಿವಿಗೆ ಹೊಂದಿಸಿತು. 2014ರಿಂದ ಎಲ್‌ಜಿಯ ಸ್ಮಾರ್ಟ್ ಟಿವಿಗಳು ಅದರ ಮೇಲೆಯೇ ನಡೆಯುತ್ತಿವೆ.