ಮರಳಿನಲ್ಲಿ ಗೆದ್ದ ಎಣ್ಣೆ

ಕಚ್ಚಾ ಹಾದಿಯ ವಾಹನಕ್ಕೆ ಸ್ವಯಂಚಾಲಿತ ಗೇರ್‌ಬಾಕ್ಸ್ ಒಗ್ಗುವುದಿಲ್ಲ ಎಂಬ ನಂಬಿಕೆ ಜೀಪು ಬಲ್ಲವರಲ್ಲಿ ಬಹುಕಾಲ ಬೇರೂರಿತ್ತು. ಮಲೆನಾಡು, ಕೊಡಗುಗಳ ತೋಟದ ದಾರಿಗಳಲ್ಲಿ ಇಂದಿಗೂ ಅದು ಪೂರ್ತಿ ಅಳಿದಿಲ್ಲ. ಕ್ಲಚ್ಚಿನ ಮೇಲೆ ಕಾಲು, ಗೇರಿನ ಮೇಲೆ ಕೈ ಇದ್ದರೆ ಮಾತ್ರ ವಾಹನ ಚಾಲಕನ ಮಾತು ಕೇಳುತ್ತದೆ, ಆಟೊಮ್ಯಾಟಿಕ್ ಎಂಬುದು ನಗರದ ಸುಖಕ್ಕೆ ಹುಟ್ಟಿದ್ದು, ಏರಿನಲ್ಲಿ ಶಕ್ತಿ ತಿನ್ನುತ್ತದೆ, ಇಳಿಜಾರಿನಲ್ಲಿ ಕೈಬಿಡುತ್ತದೆ ಎಂಬುದು ಆ ನಂಬಿಕೆಯ ವಾದ. ಈ ವಾದದಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ಸುಳ್ಳು ಮಾಡಿದ್ದು ಮೆಕ್ಸಿಕೊ ದೇಶದ ಬಾಹಾ ಕ್ಯಾಲಿಫೋರ್ನಿಯಾ ಎಂಬ ಒಣ ಪರ್ಯಾಯದ್ವೀಪದಲ್ಲಿ 1969ರಿಂದ 1972ರವರೆಗೆ ನಡೆದ ಕೆಲವು ಓಟಗಳು.

ಆ ಓಟಗಳ ಅರ್ಥ ತಿಳಿಯಬೇಕಾದರೆ ಟಾರ್ಕ್ ಕನ್ವರ್ಟರ್ ಎಂಬ ಭಾಗವನ್ನು ಮೊದಲು ತಿಳಿಯಬೇಕು. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ, ಕ್ಲಚ್ಚು ಇರಬೇಕಾದ ಜಾಗದಲ್ಲಿ, ಎಣ್ಣೆ ತುಂಬಿದ ಗುಂಡನೆಯ ಗೂಡೊಂದಿರುತ್ತದೆ. ಅದರೊಳಗೆ ಎದುರುಬದುರಾಗಿ ಎರಡು ಅಲಗಿನ ಚಕ್ರಗಳಿರುತ್ತವೆ, ಎಂಜಿನ್ ತಿರುಗಿಸುವ ಚಕ್ರವು ಎರಚಿದ ಎಣ್ಣೆ ಇನ್ನೊಂದಕ್ಕೆ ಬಡಿದು ಅದನ್ನು ತಿರುಗಿಸುತ್ತದೆ, ನಡುವೆ ಇರುವ ಮೂರನೆಯ ಸಣ್ಣ ಚಕ್ರವು ಹಿಂತಿರುಗುವ ಎಣ್ಣೆಯ ದಿಕ್ಕನ್ನು ತಿದ್ದಿ ಕಳುಹಿಸುತ್ತದೆ. ವಾಹನ ನಿಂತಲ್ಲಿಂದ ಹೊರಡುವಾಗ ಈ ತಿದ್ದುವಿಕೆಯಿಂದಲೇ ಎಂಜಿನ್ನಿನ ತಿರುಗುಬಲ, ಅಂದರೆ ಟಾರ್ಕ್, ಎರಡು ಪಟ್ಟು ಅಥವಾ ಅದಕ್ಕೂ ತುಸು ಹೆಚ್ಚಾಗಿ ಚಕ್ರಗಳ ಕಡೆಗೆ ಹೋಗುತ್ತದೆ. ಈ ಕನ್ವರ್ಟರಿಗೆ 1905ರಲ್ಲಿ ಪೇಟೆಂಟ್ ಪಡೆದ ಜರ್ಮನಿಯ ಹರ್ಮನ್ ಫೋಟಿಂಗರ್‌ರ ಮನಸ್ಸಿನಲ್ಲಿದ್ದದ್ದು ರಸ್ತೆಯಲ್ಲ, ಸಮುದ್ರ: ಹಡಗಿನ ಉಗಿ ಟರ್ಬೈನಿನ ಅತಿವೇಗವನ್ನು ನೀರು ತಳ್ಳುವ ಪಂಖಕ್ಕೆ ಒಗ್ಗಿಸುವುದು ಅವರ ಉದ್ದೇಶವಾಗಿತ್ತು.

ಅಲ್ಲಿಂದ ಮುಂದಿನ ಅರ್ಧ ಶತಮಾನವನ್ನು ಬೇಗ ದಾಟಬಹುದು. 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರಿನಲ್ಲಿ ಹೈಡ್ರಾಮ್ಯಾಟಿಕ್ ಎಂಬ ಗೇರ್‌ಬಾಕ್ಸ್ ಬಂದಿತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಎಂ5 ಸ್ಟುವರ್ಟ್ ಟ್ಯಾಂಕಿಗೆ ಎರಡು ಕ್ಯಾಡಿಲಾಕ್ ಎಂಜಿನ್ನುಗಳನ್ನೂ ಎರಡು ಹೈಡ್ರಾಮ್ಯಾಟಿಕ್‌ಗಳನ್ನೂ ಜೋಡಿಸಲಾಯಿತು. ಕೆಸರಿನ ಟ್ಯಾಂಕನ್ನು ನಡೆಸಿದ ಯಂತ್ರವನ್ನು ಯುದ್ಧ ಮುಗಿದ ಮೇಲೆ ಜನ ಮತ್ತೆ ಮೆತ್ತನೆಯ ಸೀಟಿನ ಕಾರಿನೊಂದಿಗೇ ಸೇರಿಸಿ ನೋಡಿದ್ದು ವಿಷಾದದ ಸಂಗತಿ. 1963ರ ಮಾದರಿಯ ಜೀಪ್ ವ್ಯಾಗನಿಯರ್ ನಾಲ್ಕು ಚಕ್ರಗಳ ಚಾಲನೆಯೊಂದಿಗೆ ಆಟೊಮ್ಯಾಟಿಕ್ಕನ್ನೂ ಕೊಟ್ಟಿತಾದರೂ ಅದನ್ನು ಕೊಂಡವರಲ್ಲಿ ಬಹುಮಂದಿಗೆ ಅದು ಕುಟುಂಬದ ಬಂಡಿಯಾಗಿತ್ತು.

ಬಾಹಾದ ಓಟ 1967ರಲ್ಲಿ ಆರಂಭವಾಯಿತು. ಮೆಕ್ಸಿಕನ್ 1000 ಎಂದು ಕರೆಯಲಾದ ಆ ಓಟದಲ್ಲಿ ಉತ್ತರದ ತುದಿಯಿಂದ ದಕ್ಷಿಣದ ಲಾ ಪಾಜ್ ಊರಿಗೆ ಸುಮಾರು 1,300 ಕಿಲೋಮೀಟರ್ ದೂರ. ದಾರಿಯುದ್ದಕ್ಕೂ ಕಲ್ಲು, ಒಣಹಳ್ಳ, ಹಿಟ್ಟಿನಂತೆ ನುಣ್ಣಗಿನ ಹುಡಿಮಣ್ಣು. ಮೊದಲ ವರ್ಷ ಗೆದ್ದ ಮೇಯರ್ಸ್ ಮ್ಯಾಂಕ್ಸ್ ಬಗ್ಗಿಗೆ 27 ಗಂಟೆ 38 ನಿಮಿಷ ಹಿಡಿದವು. ಇಂಥ ಹುಡಿಯಲ್ಲಿ ಕೈಗೇರಿನ ವಾಹನಕ್ಕೆ ಒಂದು ಶಾಪವಿದೆ. ಗೇರು ಬದಲಿಸಲು ಚಾಲಕ ಕ್ಲಚ್ಚು ತುಳಿದ ಕ್ಷಣದಲ್ಲಿ ಚಕ್ರಕ್ಕೆ ಹೋಗುವ ಶಕ್ತಿ ನಿಲ್ಲುತ್ತದೆ, ಟೈರಿನ ಮುಂದೆ ಮರಳಿನ ಸಣ್ಣ ದಿಬ್ಬವೊಂದು ಕಟ್ಟಿಕೊಳ್ಳುತ್ತದೆ, ಕಾಲು ತೆಗೆದಾಗ ಶಕ್ತಿ ಒಮ್ಮೆಲೇ ಬಂದು ಚಕ್ರ ತಾನಿದ್ದಲ್ಲೇ ಗುಂಡಿ ತೋಡುತ್ತದೆ, ಇಲ್ಲವೇ ಆ ಏಟಿಗೆ ಆಕ್ಸಲ್ ಮುರಿಯುತ್ತದೆ. ಎಣ್ಣೆಯ ಮೂಲಕ ಬರುವ ಶಕ್ತಿ ತುಂಡಾಗುವುದಿಲ್ಲ, ಏಟಾಗಿಯೂ ಬರುವುದಿಲ್ಲ. ಚಾಲಕನ ಎರಡೂ ಕೈಗಳು ಸ್ಟಿಯರಿಂಗ್ ಮೇಲೆಯೇ ಉಳಿಯುತ್ತವೆ. ಜನರಲ್ ಮೋಟಾರ್ಸ್‌ನ ಎಂಜಿನಿಯರ್ ವಿಕ್ ಹಿಕಿ 1967ರಲ್ಲಿ ಕಟ್ಟಿದ ಬಾಹಾ ಬೂಟ್ ಎಂಬ ವಾಹನದಲ್ಲಿ, ಹಿಂಬದಿಗೆ ಇರಿಸಿದ ಷೆವರ್ಲೆ ವಿ8 ಎಂಜಿನ್ನಿಗೆ ಟರ್ಬೊ ಹೈಡ್ರಾಮ್ಯಾಟಿಕ್ 400 ಗೇರ್‌ಬಾಕ್ಸನ್ನು ಜೋಡಿಸಿದ್ದರು. ಚಿತ್ರನಟ ಸ್ಟೀವ್ ಮೆಕ್ವೀನ್ ಅದನ್ನು ಓಡಿಸಿದ್ದರಿಂದ ಅದು ಹೆಸರಾಗಿದೆ. ಆದರೆ 1969ರಲ್ಲಿ ಬಡ್ ಈಕಿನ್ಸ್ ಅದರಲ್ಲಿ ಬಾಹಾ 500 ಓಟವನ್ನು ಗೆದ್ದದ್ದೇ ಹೆಚ್ಚಿನ ಮಾತು.

ಈ ಕಥೆಯ ನಿಜವಾದ ನಾಯಕ ಮಾತ್ರ ಪಾರ್ನೆಲಿ ಜೋನ್ಸ್. 1963ರಲ್ಲಿ ಇಂಡಿಯಾನಾಪೊಲಿಸ್ 500 ಗೆದ್ದಿದ್ದ ಜೋನ್ಸ್‌ರನ್ನು, ಮರಳುಗಾಡು ನಿಮ್ಮ ಕೈಲಾಗುವ ಕೆಲಸವಲ್ಲ ಎಂಬಂತೆ ಕೆಣಕಿ ಈ ಓಟಕ್ಕೆ ಎಳೆದವರು ಫೋರ್ಡ್ ಕಂಪನಿಗಾಗಿ ಓಟದ ವಾಹನ ಸಿದ್ಧಪಡಿಸುತ್ತಿದ್ದ ಬಿಲ್ ಸ್ಟ್ರಾಪಿ. ಜೋನ್ಸ್ ವೇಗದ ಮನುಷ್ಯ. ಅವರ ವೇಗಕ್ಕೆ ಫೋರ್ಡ್ ಬ್ರಾಂಕೊಗಳು ಮುರಿಯುತ್ತ ಹೋದವು. ಅಂಗಡಿಯಲ್ಲಿ ಮಾರುವ ಬ್ರಾಂಕೊವನ್ನೇ ಬಲಪಡಿಸಿ ಓಡಿಸಬೇಕೆಂದು ಸ್ಟ್ರಾಪಿ, ಉಕ್ಕಿನ ಕೊಳವೆಗಳ ಚೌಕಟ್ಟಿನಿಂದ ಹೊಸದನ್ನೇ ಕಟ್ಟಬೇಕೆಂದು ಜೋನ್ಸ್. ಈ ಜಗಳ ಬೇಗ ಬಗೆಹರಿಯಲಿಲ್ಲ. ಸ್ಟ್ರಾಪಿಯವರ ಕೈಕೆಳಗಿನ ಕುಶಲಕರ್ಮಿ ಡಿಕ್ ರಸೆಲ್ ಜೋನ್ಸ್‌ರ ಪಕ್ಷ ವಹಿಸಿ ಕೆಲಸದ ವೇಳೆ ಮುಗಿದ ಮೇಲೆ ಅದನ್ನು ಕಟ್ಟತೊಡಗಿದರು. ಬಿಗ್ ಓಲಿ ಎಂದು ಹೆಸರಾದ ಆ ವಾಹನಕ್ಕೆ ನೆತ್ತಿಯ ಮೇಲೆ ದೊಡ್ಡ ರೆಕ್ಕೆ, ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಚಾಲನೆ, ಫೋರ್ಡಿನ 351 ವಿ8 ಎಂಜಿನ್, ಅದರ ಹಿಂದೆ ಸಿ6 ಎಂಬ ಮೂರು ಗೇರಿನ ಆಟೊಮ್ಯಾಟಿಕ್. 1971ರಲ್ಲಿ ಜೋನ್ಸ್ ಚಾಲಕರಾಗಿ, ಮೊದಲು ವಿರೋಧಿಸಿದ್ದ ಸ್ಟ್ರಾಪಿಯೇ ಪಕ್ಕದ ಸೀಟಿನಲ್ಲಿ ಕುಳಿತು, ಮೆಕ್ಸಿಕನ್ 1000 ಓಟದಲ್ಲಿ ಉತ್ತರದ ಎನ್ಸೆನಾಡದಿಂದ ಲಾ ಪಾಜ್‌ವರೆಗಿನ ದಾರಿಯನ್ನು 14 ಗಂಟೆ 59 ನಿಮಿಷಗಳಲ್ಲಿ ಮುಗಿಸಿ ಗೆದ್ದರು, ಮರುವರ್ಷವೂ ಗೆದ್ದರು.

ಹಾಗಾದರೆ ಆಟೊಮ್ಯಾಟಿಕ್ ವಿರೋಧಿಗಳ ಅರ್ಧ ಸತ್ಯ ಯಾವುದು? ಶಾಖ. ಕನ್ವರ್ಟರಿನ ಎರಡು ಚಕ್ರಗಳ ವೇಗದಲ್ಲಿ ಅಂತರವಿದ್ದಷ್ಟೂ ಎಂಜಿನ್ನಿನ ಶಕ್ತಿ ಎಣ್ಣೆಯನ್ನು ಕಾಯಿಸುವುದಕ್ಕೆ ಹೋಗುತ್ತದೆ. ನಿಧಾನವಾಗಿ, ಭಾರವಾಗಿ, ಕಡಿದಾದ ಏರಿನಲ್ಲಿ ನಡೆಯುವುದೆಂದರೆ ಎಣ್ಣೆಯನ್ನು ಒಲೆಯ ಮೇಲಿಟ್ಟಂತೆ. ಸುಮಾರು 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೆಮ್ಮದಿಯಾಗಿರುವ ಎಣ್ಣೆ 120 ದಾಟಿದ ಮೇಲೆ ಬೇಗ ಕೆಡುತ್ತದೆ. ಹೊಸ ಎಣ್ಣೆ ದಾಳಿಂಬೆ ರಸದಂತೆ ಕೆಂಪಾಗಿ ಪಾರದರ್ಶಕವಾಗಿರುತ್ತದೆ, ಬೆಂದದ್ದು ಕಂದಾಗಿ ಸೀದ ವಾಸನೆ ಹೊಡೆಯುತ್ತದೆ, ಒಳಗಿನ ಕ್ಲಚ್ ತಟ್ಟೆಗಳ ಪದರ ಉದುರಿ ಅದರಲ್ಲಿ ಕರಿ ಪುಡಿಯಾಗಿ ತೇಲುತ್ತದೆ. ಆದ್ದರಿಂದ ಇಂಥ ವಾಹನವನ್ನು ಚುರುಕುಗೊಳಿಸುವ ಮೊದಲ ಕೆಲಸ ಎಂಜಿನ್ನಿಗೆ ಕುದುರೆಬಲ ಸೇರಿಸುವುದಲ್ಲ, ಗೇರ್‌ಬಾಕ್ಸಿನ ಎಣ್ಣೆಗೆ ಗಾಳಿ ತಾಗುವಲ್ಲಿ ಬೇರೆಯದೇ ಕೂಲರ್ ಜೋಡಿಸುವುದು ಮತ್ತು ಅದರ ಬಿಸಿ ತೋರುವ ಮಾಪಕವೊಂದನ್ನು ಚಾಲಕನ ಕಣ್ಣೆದುರು ಇಡುವುದು.

ಎರಡನೆಯ ಕೆಲಸಕ್ಕೆ ಖರ್ಚೇ ಇಲ್ಲ. ನಾಲ್ಕು ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನಲ್ಲಿ ‘ಲೋ’ ಎಂಬ ಭಾರದ ಗೇರಿರುತ್ತದೆ. ಅದನ್ನು ಹಾಕಿದರೆ ಅದೇ ನಡಿಗೆಯ ವೇಗಕ್ಕೆ ಎಂಜಿನ್ ಹೆಚ್ಚು ತಿರುಗುತ್ತದೆಯಾದರೂ ಕನ್ವರ್ಟರಿನ ಮೇಲಿನ ಹೊರೆ ಇಳಿದು ಜಾರಿಕೆಯೂ ಶಾಖವೂ ತಗ್ಗುತ್ತವೆ, ಇಳಿಜಾರಿನಲ್ಲಿ ಎಂಜಿನ್ನಿನ ತಡೆಯೂ ಸಿಗುತ್ತದೆ. ದೊಡ್ಡ ಟೈರಿನ ಮೋಹ ಇದಕ್ಕೆ ನೇರ ವಿರುದ್ಧವಾದದ್ದು: 31 ಇಂಚಿನ ಜಾಗಕ್ಕೆ 35 ಇಂಚಿನ ಟೈರು ಹಾಕಿದರೆ ನೆಲಕ್ಕೆ ಮುಟ್ಟುವ ಬಲ ಶೇ 11ರಷ್ಟು ಕುಗ್ಗುತ್ತದೆ, ಆ ಕೊರತೆಯನ್ನು ಕನ್ವರ್ಟರ್ ಜಾರಿಕೊಂಡು, ಕಾದುಕೊಂಡು ತುಂಬಬೇಕಾಗುತ್ತದೆ, ಆಕ್ಸಲಿನ ಹಲ್ಲುಗಾಲಿಗಳ ಪ್ರಮಾಣವನ್ನೂ ಜೊತೆಯಲ್ಲೇ ಬದಲಿಸದವರು ಹಣ ಕೊಟ್ಟು ವಾಹನವನ್ನು ದುರ್ಬಲಗೊಳಿಸಿಕೊಳ್ಳುತ್ತಾರೆ. ಗೇರ್‌ಬಾಕ್ಸ್ ಉಸಿರಾಡುವ ಬ್ರೀದರ್ ಎಂಬ ಸಣ್ಣ ನಳಿಕೆಯನ್ನೂ ಮರೆಯುವಂತಿಲ್ಲ. ಕಾದ ಪೆಟ್ಟಿಗೆ ಹೊಳೆಯ ನೀರಿಗೆ ಇಳಿದಾಗ ಥಟ್ಟನೆ ತಣಿದು ಒಳಗಿನ ಗಾಳಿ ಕುಗ್ಗುತ್ತದೆ, ನಳಿಕೆಯ ಬಾಯಿ ನೀರಿನ ಮಟ್ಟದಲ್ಲಿದ್ದರೆ ನೀರನ್ನೇ ಹೀರುತ್ತದೆ, ಮರುದಿನ ಕೆಂಪೆಣ್ಣೆ ಗುಲಾಬಿ ಹಾಲಾಗಿರುತ್ತದೆ. ರಬ್ಬರ್ ಕೊಳವೆಯಿಂದ ಅದನ್ನು ಬಾನೆಟ್ಟಿನ ಎತ್ತರಕ್ಕೆ ಒಯ್ದರೆ ಈ ಅನಾಹುತ ತಪ್ಪುತ್ತದೆ.

ಕಾರ್ಖಾನೆಗಳು ಮರಳುಗಾಡಿನ ಹಿಂದೆ ಬಂದವು. ಬ್ರಾಂಕೊವನ್ನು ಆಟೊಮ್ಯಾಟಿಕ್ ಸಹಿತ ಫೋರ್ಡ್ ಮಾರತೊಡಗಿದ್ದು 1973ರಲ್ಲಿ, ಬಿಗ್ ಓಲಿಯ ಎರಡು ಗೆಲುವುಗಳ ಬಳಿಕ. ಇಂಗ್ಲೆಂಡಿನ ರೇಂಜ್ ರೋವರ್ 1982ರವರೆಗೆ ಕಾಯಿತು. ಭಾರತದಲ್ಲಿ ಮಹೀಂದ್ರ ಥಾರ್ ಟಾರ್ಕ್ ಕನ್ವರ್ಟರನ್ನೂ ‘ಲೋ’ ಗೇರನ್ನೂ ಒಟ್ಟಿಗೆ ಕೊಟ್ಟದ್ದು 2020ರಲ್ಲಿ. ಈ ನಡುವೆ ಗೇರ್‌ಬಾಕ್ಸುಗಳು ಆರು, ಎಂಟು, ಹತ್ತು ಗೇರುಗಳಿಗೆ ಬೆಳೆದವು, ಕನ್ವರ್ಟರಿನ ಜಾರಿಕೆಯನ್ನು ಬಿಗಿದು ನಿಲ್ಲಿಸುವ ಲಾಕಪ್ ಕ್ಲಚ್ಚು ಸಾಮಾನ್ಯವಾಯಿತು, ಯಂತ್ರ ಎಲ್ಲ ಬಗೆಯಲ್ಲೂ ಉತ್ತಮವಾಯಿತು. ಆದರೆ ಎಣ್ಣೆಯ ಮಟ್ಟ ನೋಡುವ ಡಿಪ್‌ಸ್ಟಿಕ್ ಎಂಬ ಉದ್ದನೆಯ ಕಡ್ಡಿ ಬಹುತೇಕ ಹೊಸ ವಾಹನಗಳಿಂದ ಮಾಯವಾಯಿತು. ಎಣ್ಣೆ ಜೀವಮಾನದುದ್ದಕ್ಕೂ ಬಾಳುತ್ತದೆಂದು ಹೇಳಿ ಪೆಟ್ಟಿಗೆಯನ್ನು ಮುಚ್ಚಿ ಕಳುಹಿಸುವ ಪದ್ಧತಿ ಡಾಂಬರು ರಸ್ತೆಗೆ ಸಲ್ಲಬಹುದು, ಕೆಸರಿನಲ್ಲಿ ದುಡಿಯುವ ವಾಹನದ ಒಡೆಯನಿಗೆ ಅದು ಅನ್ಯಾಯ. ಬಟ್ಟೆಯ ಚೂರಿನ ಮೇಲೆ ಒಂದು ಹನಿ ಇಳಿಸಿ, ಬಣ್ಣ ನೋಡಿ, ಮೂಸಿ, ಪೆಟ್ಟಿಗೆಯ ಆರೋಗ್ಯ ಹೇಳುತ್ತಿದ್ದ ಮೆಕ್ಯಾನಿಕ್ಕಿನ ವಿದ್ಯೆಯನ್ನು ಅದು ನಿರುಪಯೋಗಿಯಾಗಿಸಿದೆ.

ಬಿಗ್ ಓಲಿ 2021ರ ಮೇ ತಿಂಗಳಲ್ಲಿ ಇಂಡಿಯಾನಾಪೊಲಿಸ್‌ನ ಹರಾಜಿನಲ್ಲಿ 18.7 ಲಕ್ಷ ಡಾಲರಿಗೆ ಮಾರಾಟವಾಯಿತು. ಪಾರ್ನೆಲಿ ಜೋನ್ಸ್ 2024ರಲ್ಲಿ ತೀರಿಕೊಂಡರು. ಆ ವಾಹನದ ಹಳೆಯ ಚಿತ್ರಗಳಲ್ಲಿ ಗಾಳಿಗೆ ನೆಗೆದ ಮುಂದಿನ ಚಕ್ರಗಳೂ ನೆತ್ತಿಯ ರೆಕ್ಕೆಯೂ ಕಾಣುತ್ತವೆ. ಸಿ6 ಗೇರ್‌ಬಾಕ್ಸ್ ಇರುವುದು ಹೊಟ್ಟೆಯ ಕೆಳಗೆ, ಹುಡಿಯ ಮೋಡದಲ್ಲಿ.