ಓದಿದ ಕಾಲೇಜಿಗೆ ಕೊಡುವುದಾದರೆ ಏನು ಕೊಡಬೇಕು?

ಬಳ್ಳಾರಿಯ ಆಟೋದವರಿಗೆ ಕಾಲೇಜುಗಳ ಪೂರ್ತಿ ಹೆಸರು ಬೇಕಿಲ್ಲ. ಎ.ಎಸ್.ಎಂ. ಎಂದರೆ ಸಾಕು, ಆರ್.ವೈ.ಎಂ. ಎಂದರೂ ಸಾಕು, ಸರಳಾದೇವಿ ಎಂದರೂ ಸಾಕು. ಈ ಮೊಟಕು ಹೆಸರುಗಳನ್ನು ಬಿಡಿಸಿ ನೋಡಿದರೆ ಒಂದೊಂದರಲ್ಲೂ ಒಂದು ಮನೆತನ ಕಾಣುತ್ತದೆ. ಅಲ್ಲಂ ಸುಮಂಗಳಮ್ಮ ಸ್ಮಾರಕ ಮಹಿಳಾ ಕಾಲೇಜು. 1980ರಲ್ಲಿ ವಿಜಯನಗರ ಎಂಜಿನಿಯರಿಂಗ್ ಕಾಲೇಜೆಂದು ಆರಂಭವಾಗಿ, ಆಮೇಲೆ ರಾವ್ ಬಹದ್ದೂರ್ ವೈ. ಮಹಾಬಲೇಶ್ವರಪ್ಪ ಅವರ ಹೆಸರು ಪಡೆದ ಕಾಲೇಜು. ಶ್ರೀಮತಿ ಸರಳಾದೇವಿ ಸತೀಶ್‌ಚಂದ್ರ ಅಗರ್‌ವಾಲ್ ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ಕೊನೆಯದು ಸರ್ಕಾರಿ ಕಾಲೇಜು ಎಂಬುದನ್ನು ಗಮನಿಸಬೇಕು.

ಇದಕ್ಕೆ ಹಿನ್ನೆಲೆಯುಂಟು. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಮದ್ರಾಸ್ ಆಡಳಿತದಲ್ಲಿತ್ತು. ಪದವಿ ಓದಬೇಕೆಂದವರು ಅನಂತಪುರದ ಸೀಡೆಡ್ ಡಿಸ್ಟ್ರಿಕ್ಟ್ಸ್ ಕಾಲೇಜಿಗೋ ಮದ್ರಾಸಿಗೋ ಗಂಟುಮೂಟೆ ಕಟ್ಟಬೇಕಿತ್ತು. 1916ರಲ್ಲಿ ಹುಟ್ಟಿದ ವೀರಶೈವ ವಿದ್ಯಾವರ್ಧಕ ಸಂಘ 1945ರಲ್ಲಿ ವೀರಶೈವ ಕಾಲೇಜನ್ನು ತೆರೆದಾಗ ಎಷ್ಟೋ ಮನೆಗಳಿಗೆ ಆ ಖರ್ಚು ಉಳಿಯಿತು. ಉತ್ತರ ಕರ್ನಾಟಕದ ಬಹಳಷ್ಟು ಕಾಲೇಜುಗಳ ಕಥೆ ಹೀಗೆಯೇ. ಸಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಆಸ್ತಿಯನ್ನು ವಿದ್ಯೆಗಾಗಿ ಉಯಿಲು ಬರೆದಿಟ್ಟರು. ಅವರ ಹೆಸರಿನ ಟ್ರಸ್ಟಿನ ನೆರವಿನಿಂದ ಓದಿದವರು ತಲೆಮಾರುಗಟ್ಟಲೆ ಇದ್ದಾರೆ. ಬೆಳಗಾವಿಯ ಲಿಂಗರಾಜ ಕಾಲೇಜು ಅವರ ನೆನಪಿನದು. ಹುಬ್ಬಳ್ಳಿಯಲ್ಲಿ 1947ರಲ್ಲಿ ಆರಂಭವಾದ ಎಂಜಿನಿಯರಿಂಗ್ ಕಾಲೇಜು ಬಿ.ವಿ. ಭೂಮರಡ್ಡಿ ಅವರ ಹೆಸರಿನದು.

ಸರಿ, ಅದು ದೇಸಾಯರ, ಸಾಹುಕಾರರ ಮಾತಾಯಿತು. ಸಿರುಗುಪ್ಪ, ಕುರುಗೋಡುಗಳಲ್ಲಿಯೂ ಈಗ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಇಂಥ ಕಡೆ ಓದುವವರಲ್ಲಿ ಬಹುಮಂದಿ ತಮ್ಮ ಮನೆಯ ಮೊದಲ ಪದವೀಧರರು. ಹಳೆಯ ವಿದ್ಯಾರ್ಥಿಗಳೆಂದರೆ ಶಾಲಾ ಮಾಸ್ತರರು, ಪೊಲೀಸರು, ಸೊಸೈಟಿ ಗುಮಾಸ್ತರು, ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಲೆಕ್ಕ ಬರೆಯುವವರು. ಇವರಿಂದ ಕಟ್ಟಡ ಕೇಳಿದರೆ ಕೊಡುವುದೆಲ್ಲಿಂದ? ಆದರೆ ಇಂಥ ಕಾಲೇಜಿನಲ್ಲಿ ಹುಡುಗನ ಓದು ನಿಲ್ಲುವುದು ಕಟ್ಟಡವಿಲ್ಲದ್ದಕ್ಕಲ್ಲ.

ಮೆಣಸಿನಕಾಯಿ ಬಿಡಿಸುವ ಕಾಲಕ್ಕೆ, ಭತ್ತದ ನಾಟಿಯ ಕಾಲಕ್ಕೆ ತರಗತಿಯ ಬೆಂಚುಗಳು ಖಾಲಿಯಾಗುವುದನ್ನು ಈ ಕಡೆಯ ಉಪನ್ಯಾಸಕರೆಲ್ಲ ಬಲ್ಲರು. ಕೂಲಿ ಬಿಟ್ಟರೆ ಮನೆ ನಡೆಯದು, ಕೂಲಿಗೆ ಹೋದರೆ ಹಾಜರಾತಿ ಸಾಲದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನ ಚಿಂತೆ ತಪ್ಪಿತು. ಸಿರುಗುಪ್ಪದಿಂದ ಬಳ್ಳಾರಿಗೆ ಐವತ್ತು ಕಿಲೋಮೀಟರಿಗೂ ಮಿಕ್ಕ ದಾರಿ. ದಿನಾ ಹೋಗಿಬರುವ ಹುಡುಗಿಗೆ ಇದು ಸಣ್ಣ ಉಳಿತಾಯವಲ್ಲ. ಗಂಡುಹುಡುಗರ ಪಾಸಿನ ದುಡ್ಡು ಹಾಗೆಯೇ ಇದೆ. ಪರೀಕ್ಷಾ ಶುಲ್ಕ, ಪುಸ್ತಕ, ಮಧ್ಯಾಹ್ನದ ಊಟ ಇಬ್ಬರಿಗೂ ಇವೆ. ಒಂದು ವಾರದೊಳಗೆ ಹೊಂದಿಸಲಾಗದ ಒಂದೆರಡು ಸಾವಿರ ರೂಪಾಯಿಗೆ ಒಂದು ಸೆಮಿಸ್ಟರ್ ಕೈಬಿಟ್ಟುಹೋಗಬಹುದು.

ಇನ್ನೊಂದು ಕಡೆ ಹಳೆಯ ವಿದ್ಯಾರ್ಥಿಗಳ ಸಮ್ಮೇಳನ ನೋಡಿ. ಶಾಮಿಯಾನ, ಶಾಲು, ಹಾರ, ಸ್ಮರಣಿಕೆ, ಕೊನೆಗೆ ಕಾಲೇಜಿಗೊಂದು ಗೋಡೆ ಗಡಿಯಾರ ಅಥವಾ ಬೀರು. ಗುರುವಂದನೆ ಬೇಡವೆಂದು ಯಾರೂ ಹೇಳರು. ಆದರೆ ಬೀರು ಬಂದಷ್ಟು ಸುಲಭವಾಗಿ ಅದರೊಳಗಿಡುವ ಸಾಮಾನು ಬರುವುದಿಲ್ಲ. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಬ್ಯುರೆಟ್, ಪಿಪೆಟ್‌ಗಳು ಒಡೆಯುತ್ತಲೇ ಇರುತ್ತವೆ. ಸಿಲ್ವರ್ ನೈಟ್ರೇಟಿನ ಬೆಲೆ ಬೆಳ್ಳಿಯ ಜೊತೆಗೇ ಏರುತ್ತದೆ. ಹನಿ ಹನಿಯಾಗಿ ದ್ರಾವಣ ಬಿಡುವುದನ್ನು ಸ್ವತಃ ಮಾಡಬೇಕಾದ ವಿದ್ಯಾರ್ಥಿ, ನಾಲ್ವರ ಹಿಂದೆ ನಿಂತು ಇಣುಕಿ ನೋಡಿದರೆ ಏನು ಕಲಿತಂತಾಯಿತು? ಹಳೆಯ ತಂಡವೊಂದು ಪ್ರತಿವರ್ಷ ಗಾಜಿನ ಸಾಮಾನಿನ ಬಿಲ್ಲು ಕಟ್ಟುವುದಾಗಿ ಒಪ್ಪಿಕೊಂಡರೆ ಅದು ಫೋಟೋಕ್ಕೆ ಚೆಂದ ಕಾಣದು, ನಿಜ.

ತಂದೆತಾಯಿಯ ನೆನಪಿಗೆ ದತ್ತಿ ಬಹುಮಾನ ಇಡುವ ಕುಟುಂಬಗಳು ಒಂದು ಲೆಕ್ಕ ನೋಡಿಕೊಳ್ಳಬೇಕು. 10,000 ರೂಪಾಯಿ ಠೇವಣಿಗೆ ಶೇಕಡ 7ರಂತೆ ವರ್ಷಕ್ಕೆ 700 ರೂಪಾಯಿ ಬಡ್ಡಿ ಎಂದಿಟ್ಟುಕೊಳ್ಳಿ. ಬೆಲೆಗಳು ವರ್ಷಕ್ಕೆ ಶೇಕಡ 6ರಂತೆ ಏರಿದರೆ, 72ನ್ನು 6ರಿಂದ ಭಾಗಿಸಿ. ಹನ್ನೆರಡು ವರ್ಷಕ್ಕೆ ಬೆಲೆ ಇಮ್ಮಡಿ, ಇಪ್ಪತ್ತನಾಲ್ಕಕ್ಕೆ ನಾಲ್ಕು ಪಟ್ಟು. ಆಗಲೂ ಬಡ್ಡಿ 700 ರೂಪಾಯಿಯೇ, ಆದರೆ ಅದಕ್ಕೆ ಸಿಗುವುದು ಇಂದಿನ 175 ರೂಪಾಯಿಯ ಸಾಮಾನು. ಬಡ್ಡಿಯಲ್ಲಿ 200 ರೂಪಾಯಿಯನ್ನು ಅಸಲಿಗೇ ಸೇರಿಸುತ್ತ ಹೋದರೂ ಅಸಲು ಬೆಳೆಯುವುದು ವರ್ಷಕ್ಕೆ ಶೇಕಡ 2ರಷ್ಟು ಮಾತ್ರ. ಆದ್ದರಿಂದ ದತ್ತಿ ಇಟ್ಟ ಮನೆಯವರು ಐದು ವರ್ಷಕ್ಕೊಮ್ಮೆಯಾದರೂ ಕಾಲೇಜಿಗೆ ಬಂದು ಅಸಲಿಗೆ ಅಷ್ಟಿಷ್ಟು ಸೇರಿಸುವುದು ಮೇಲು. ಬಂದ ನೆಪಕ್ಕೆ ಬಹುಮಾನ ಪಡೆದ ಮಗುವಿನ ಮುಖವನ್ನೂ ನೋಡಬಹುದು.

ಕೊಡುವ ದಾರಿಯೂ ನೆಟ್ಟಗಿರಬೇಕು. ಪ್ರಾಂಶುಪಾಲರ ಕೈಗೆ ನಗದು ಕೊಡುವುದು ಅವರಿಗೂ ಕಷ್ಟ, ಕೊಟ್ಟವರಿಗೂ ಕಷ್ಟ. ಸರ್ಕಾರಿ ಕಾಲೇಜುಗಳಲ್ಲಿ ಕಾಲೇಜು ಅಭಿವೃದ್ಧಿ ಸಮಿತಿ ಇರುತ್ತದೆ. ಹಳೆಯ ವಿದ್ಯಾರ್ಥಿಗಳ ಸಂಘವನ್ನು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಬಹುದು. ನ್ಯಾಕ್ ತಂಡ ಬಂದಾಗ ಈ ಸಂಘದ ಕೆಲಸವನ್ನೂ ಕೇಳುತ್ತದೆ. ಸಂಸ್ಥೆಗೆ 80-ಜಿ ಮಾನ್ಯತೆ ಇದ್ದರೆ ಹಳೆಯ ತೆರಿಗೆ ಪದ್ಧತಿಯಲ್ಲಿರುವ ದಾನಿಗೆ ರಿಯಾಯಿತಿ ಸಿಗುತ್ತದೆ, ಹೊಸ ಪದ್ಧತಿಯಲ್ಲಿ ಇಲ್ಲ. 2,000 ರೂಪಾಯಿಗೆ ಮೀರಿದ ನಗದು ದಾನಕ್ಕಂತೂ ಎರಡರಲ್ಲೂ ಇಲ್ಲ.

ದುಡ್ಡಿಲ್ಲದವರೂ ಸುಮ್ಮನಿರಬೇಕಿಲ್ಲ. ವೈರಿಂಗ್ ಬಲ್ಲ ತಂದೆ ಒಂದು ಭಾನುವಾರ ಫ್ಯಾನುಗಳನ್ನು ನೋಡಬಹುದು. ಪಿ.ಎಸ್.ಐ. ಪರೀಕ್ಷೆ ಪಾಸಾದ ಅಣ್ಣ ತನ್ನ ಪುಸ್ತಕಗಳನ್ನು ಗ್ರಂಥಾಲಯಕ್ಕೆ ಕೊಟ್ಟು, ಎರಡು ಗಂಟೆ ಕೂತು ತಾನು ಓದಿದ ಬಗೆಯನ್ನು ಹೇಳಬಹುದು. ಬಿ.ಎಸ್ಸಿ. ಮುಗಿಸಿ ಊರಲ್ಲೇ ಇರುವ ಅಕ್ಕ, ಕೂಲಿಗೆ ಹೋಗಿ ಪಾಠ ತಪ್ಪಿಸಿಕೊಂಡವರಿಗೆ ಸಂಜೆ ನೋಟ್ಸು ಹೇಳಿಕೊಡಬಹುದು. ಪರೀಕ್ಷಾ ಶುಲ್ಕದ ಕೊನೆಯ ದಿನಾಂಕ ಸೂಚನಾ ಫಲಕಕ್ಕೆ ಬರುತ್ತದೆ. ಯಾರ ಹೆಸರು ಇನ್ನೂ ಕಟ್ಟದವರ ಪಟ್ಟಿಯಲ್ಲಿದೆ ಎಂಬುದು ಕಚೇರಿಯ ಗುಮಾಸ್ತರಿಗೆ ಅದಕ್ಕೂ ಎರಡು ದಿನ ಮೊದಲೇ ಗೊತ್ತಿರುತ್ತದೆ.